ಚುಕ್ಕಿ ಕಾಣದ ಕ್ಯಾಮೆರಾ

ನಮ್ಮ ಮನೆಯವರು ತೀರಿಕೊಂಡು ಎಂಟು ತಿಂಗಳಾಯಿತು. ಅವರ ಯಾವ ಫೋಟೋ ಗೋಡೆಗೆ ಹಾಕಬೇಕು ಎಂಬ ಜಗಳ ಮೊನ್ನೆಯವರೆಗೂ ನಡೆದಿತ್ತು. ಆ ಜಗಳ ತಿಳಿಯಬೇಕಾದರೆ ಒಂದು ಹಳೆಯ ಕ್ಯಾಮೆರಾದಿಂದ ಶುರು ಮಾಡಬೇಕು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ಹನುಮಸಾಗರದ ಇದೇ ಮನೆಯಲ್ಲಿದ್ದೆವು. ಅವರು ಅಲ್ಲಿ ಸಾಲಿ ಮಾಸ್ತರರು. ನಮ್ಮ ಓಣಿಯಲ್ಲಿ ಫೋಟೋದವನು ಬಸ್ಸಿಳಿದು ಬಂದನೆಂದರೆ ಜನ ಕೇಳುತ್ತಿದ್ದ ಮೊದಲ ಮಾತು, "ಯಾರ ಮನ್ಯಾಗ?" ಮದುವೆಯಾದವರು ತಾವೇ ಕುಷ್ಟಗಿಗೆ ಹೋಗಿ ಸ್ಟುಡಿಯೋದಲ್ಲಿ ನಿಂತು ತೆಗೆಸಿಕೊಂಡು ಬರುತ್ತಿದ್ದರು. ಸತ್ತವರಿಗೆ ಬಸ್ ಹತ್ತಲು ಬರುವುದಿಲ್ಲವಲ್ಲ, ಅವರಿಗಾಗಿ ಮಾತ್ರ ಫೋಟೋದವನೇ ಬರಬೇಕು. ನಮ್ಮಲ್ಲಿ ಹೆಣವನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಮನೆಮಂದಿಯೆಲ್ಲ ಸುತ್ತ ನಿಂತು ತೆಗೆಸುವುದು ರೂಢಿ. ಎಷ್ಟೋ ಜನರಿಗೆ ಜೀವಮಾನದ ಒಂದೇ ಫೋಟೋ ಅದು. ಅದನ್ನು ನೋಡುವ ಪುಣ್ಯ ಮಾತ್ರ ಅವರಿಗೆ ಇರುತ್ತಿರಲಿಲ್ಲ.

ನನ್ನ ಮಾವನ ಫೋಟೋ ಅಂಥದ್ದೇ. ತಲೆ ವಾಲಬಾರದೆಂದು ಹಿಂದಿನಿಂದ ಯಾರೋ ಗದ್ದ ಹಿಡಿದ ಕೈಯೊಂದು ಅದರಲ್ಲಿ ಸ್ಪಷ್ಟವಾಗಿ ಬಂದಿತ್ತು. ನಮ್ಮ ಮನೆಯವರು ಅದನ್ನು ನೋಡಿದಾಗಲೆಲ್ಲ ಹೇಳುತ್ತಿದ್ದರು, "ಇದು ಅಪ್ಪನ ಫೋಟೋ ಅಲ್ಲ, ಕಾಕಾನ ಕೈಯ ಫೋಟೋ."

ಅತ್ತೆಗೆ ಆಗ ಕೆಮ್ಮು ಹಿಡಿದಿತ್ತು. ಅವಳದೊಂದು ಫೋಟೋ ಅವಳಿಗೆ ಉಸಿರಿರುವಾಗಲೇ ತೆಗೆಯಬೇಕೆಂದು ಮಗನ ಹಟ. ಕುಷ್ಟಗಿಗೆ ಕರೆದೊಯ್ಯೋಣವೆಂದರೆ ಬಸ್ಸಿನ ಹೊಗೆ ಮೂಗಿಗೆ ಬಡಿದರೂ ಸಾಕು, ಆಕೆಗೆ ವಾಂತಿ. ಹಾಗಾಗಿ ಕ್ಯಾಮೆರಾವೇ ಆಕೆಯಿದ್ದಲ್ಲಿಗೆ ಬರಬೇಕಾಯಿತು.

ಗಂಗಾವತಿಯ ಸ್ಟುಡಿಯೋದವರೊಬ್ಬರು ಹೊಸ ಕ್ಯಾಮೆರಾ ತಂದು ಹಳೆಯವನ್ನು ಮಾರುತ್ತಾರೆಂದು ಸುದ್ದಿ ಬಂತು. ಸೀರೆ ನೋಡುವ ನೆವ ಹೇಳಿ ನಾನೂ ಜೊತೆಗೆ ಹೋದೆ.

ಎರಡು ಕ್ಯಾಮೆರಾ ಇದ್ದವು. ಎರಡೂ ಮಡಚುವಂಥವು. ಮುಚ್ಚಿದರೆ ಎಲೆ ಅಡಿಕೆಯ ಡಬ್ಬಿ. ಗುಂಡಿ ಒತ್ತಿದರೆ ಮುಚ್ಚಳ ಬಿಚ್ಚಿ, ಹಾರ್ಮೋನಿಯಮ್ಮಿನ ತಿದಿಯಂಥ ಕಪ್ಪು ಚರ್ಮದ ಮಡಿಕೆ ಚಾಚಿಕೊಂಡು, ಅದರ ತುದಿಗೆ ಗಾಜಿನ ಕಣ್ಣು ಹೊರಗೆ ಬರುತ್ತಿತ್ತು. ಅಗಲ ರೀಲು, ಒಂದು ರೀಲಿಗೆ ಎಂಟೇ ಫೋಟೋ. ಆದರೆ ಒಂದೊಂದೂ ದೊಡ್ಡದು, ಹಿಗ್ಗಿಸುವ ಕೆಲಸವಿಲ್ಲ, ಇದ್ದಷ್ಟೇ ಅಳತೆಯಲ್ಲಿ ಕಾಗದಕ್ಕೆ ಇಳಿಸಿದರೂ ಮುಖ ಕಾಣುತ್ತದೆ ಎಂದು ಸ್ಟುಡಿಯೋದವರು ವಿವರಿಸಿದರು.

"ಮಾಸ್ತರ, ಇದು ಜರ್ಮನಿ ಮಾಲು. ಒಮ್ಮಿ ಒತ್ರಿ, ತಾನ ಜಿಗದು ಬರತೈತಿ."

ಅದು ಥಳಥಳ ಹೊಳೆಯುತ್ತಿತ್ತು. ನಮ್ಮ ಮನೆಯವರು ಹತ್ತು ಸಲ ಒತ್ತಿದರು, ಅದು ಹತ್ತು ಸಲವೂ ಜಿಗಿಯಿತು. ಹುಡುಗರಿಗೆ ಹೊಡೆಯುವ ಮನುಷ್ಯ ಹುಡುಗನಂತೆ ನಗುತ್ತ ನಿಂತಿದ್ದರು. ಇನ್ನೊಂದರ ಚರ್ಮ ಅಲ್ಲಲ್ಲಿ ಎದ್ದು ಹುರುಕು ಹತ್ತಿದ ನಾಯಿಯಂತಿತ್ತು. ಅದರ ಮಡಿಕೆಗೆ ಒಂದು ಕಡೆ ತೇಪೆ ಬೇರೆ.

ನನಗೆ ಕ್ಯಾಮೆರಾ ತಿಳಿಯದು. ಕೊಡ ತಿಳಿಯುತ್ತದೆ. ಸೋರುವ ಕೊಡವನ್ನು ಬೆಸುಗೆಗೆ ಕೊಡುವ ಮುಂಚೆ ಬಿಸಿಲಿಗೆ ಹಿಡಿದು ಒಳಗೆ ನೋಡುತ್ತೇವೆ, ತೂತಿದ್ದಲ್ಲಿ ಬೆಳಕು ಚುಚ್ಚುತ್ತದೆ. ಒಳಗೆ ಕತ್ತಲಿರಬೇಕಾದ ಪೆಟ್ಟಿಗೆ ಅಂದಮೇಲೆ ಇದಕ್ಕೂ ಅದೇ ಪರೀಕ್ಷೆ ಎನ್ನಿಸಿತು.

"ರೀ, ಅದನ್ನ ಬಿಸಲಿಗೆ ಹಿಡದು ನೋಡ್ರಿ."

"ಬಿಸಲಿಗೆ ಹಿಡ್ಯಾಕ ಇದೇನ ಹಪ್ಪಳ ಏನ? ಸುಮ್ನ ನಿಂದರು."

ನಾನು ಸುಮ್ಮನೆ ನಿಲ್ಲಲಿಲ್ಲ. ಜರ್ಮನಿ ಮಾಲನ್ನು ಅವರ ಕೈಯಿಂದ ಕಿತ್ತುಕೊಂಡು ಬಾಗಿಲಾಚೆ ರಸ್ತೆಗೆ ಬಂದೆ. ಹಿಂದಿನ ಮುಚ್ಚಳ ತೆಗೆದು, ತಲೆಯ ಮೇಲೆ ಸೆರಗು ಹೊದ್ದು, ಅದರೊಳಗೆ ಕ್ಯಾಮೆರಾಕ್ಕೆ ಕಣ್ಣು ಹಚ್ಚಿ ಮುಗಿಲ ಕಡೆ ತಿರುಗಿದೆ. ಮಡಿಕೆಯ ಮೂಲೆಗಳಲ್ಲಿ ನಾಲ್ಕು ಚುಕ್ಕಿ ಮಿನುಗಿದವು.

"ಒಳಗ ಚುಕ್ಕಿ ಮೂಡ್ಯಾವ, ಬಂದು ನೋಡ್ರಿ!"

ಅವರು ಬಂದು ತಾವೂ ಸೆರಗಿನೊಳಗೆ ತಲೆ ತೂರಿಸಿದರು. ಗಂಗಾವತಿಯ ಬಜಾರಿನ ನಟ್ಟನಡುವೆ, ಹಾಡಹಗಲು, ಒಂದು ಸೆರಗಿನಡಿ ಎರಡು ತಲೆ. ಭತ್ತದ ಚೀಲ ಹೇರಿದ ಚಕ್ಕಡಿಯವನೊಬ್ಬ ಎತ್ತು ನಿಲ್ಲಿಸಿಯೇಬಿಟ್ಟ.

"ಏನಪಾ ಸಾವ್ಕಾರ, ಮನಿಯಾಗ ಜಾಗಾ ಇಲ್ಲೇನ?"

ಹೊರಗೆ ಬಂದಾಗ ಅವರ ಕಿವಿ ಕೆಂಪಾಗಿತ್ತು, ನನ್ನ ಬೆರಳು ಕಪ್ಪಾಗಿತ್ತು. ತೂತು ಕಾಣದಂತೆ ಮಡಿಕೆಗೆ ಬೂಟ್ ಪಾಲಿಶ್ ತಿಕ್ಕಿದ್ದರು. ಸ್ಟುಡಿಯೋದವರು ನನ್ನ ಬೆರಳನ್ನು ನೋಡಿ, ಅವರನ್ನು ನೋಡಿ, "ಮಾಸ್ತರ, ಮುಂದಿನ ಸಲ ಒಬ್ಬರ ಬರ್ರಿ" ಎಂದರು.

ಹುರುಕು ನಾಯಿಯೊಳಗೆ ಅಮಾವಾಸ್ಯೆಯ ಕತ್ತಲಿತ್ತು. ಅದನ್ನೇ ತಂದೆವು. ಮನೆಯಲ್ಲಿ ಅದಕ್ಕೆ ನಾಯಿ ಎಂದೇ ಹೆಸರಾಯಿತು. ಆರಿಸಿದ್ದು ತಾನೇ ಎಂದು ಅವರು ಸಾಯುವವರೆಗೂ ಊರಿಗೆಲ್ಲ ಹೇಳಿಕೊಂಡು ಬಂದರು. ನಾನು ಚಹಾ ಕೊಡುತ್ತಿದ್ದೆ.

ಮುಂದಿನ ಸೋಮವಾರ ಅತ್ತೆಯ ಫೋಟೋ. ಇಳಕಲ್ ಸೀರೆ ಉಡಿಸಿದೆವು. ಸೋಮವಾರವಾದ್ದರಿಂದ ಹಣೆ ತುಂಬ ವಿಭೂತಿ ಇದ್ದೇ ಇತ್ತು. ಅಂಗಳದ ನೆರಳಿನಲ್ಲಿ ಮಾವನ ಕುರ್ಚಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದಾಯಿತು.

"ಯವ್ವಾ, ಮಿಸುಕಬ್ಯಾಡ. ಉಸರ ಹಿಡದು ಕೂಡು."

ಆಕೆ ಮಗನ ಮಾತನ್ನು ಎಷ್ಟು ನಂಬಿದಳೆಂದರೆ ಕಣ್ಣನ್ನೂ ಮುಚ್ಚಿಬಿಟ್ಟಳು. ಅವರು ನಾಯಿಯ ಗಾಜಿನ ಕಣ್ಣಿನ ಪಕ್ಕದ ಸಣ್ಣ ಕಡ್ಡಿ ಎಳೆದು, ಗುಂಡಿ ಒತ್ತುವುದೊಂದೇ ಬಾಕಿ ಎನ್ನುವಂತೆ ತಯಾರು ಮಾಡಿ ನನ್ನ ಕೈಗೆ ಕೊಟ್ಟು, ತಾಯಿಯ ಸೆರಗು ಸರಿಮಾಡಲು ಹೋದರು. ಆಗಲೇ ಪಕ್ಕದ ಮನೆಯಾಕೆ ಬೆಂಕಿ ಕೇಳಿಕೊಂಡು ಬಾಗಿಲಿಗೆ ಬಂದದ್ದು. ಕುರ್ಚಿ, ವಿಭೂತಿ, ಮುಚ್ಚಿದ ಕಣ್ಣು, ಕ್ಯಾಮೆರಾ. ಆಕೆಗೆ ಬೇರೇನು ತಿಳಿಯಬೇಕು? ಅಲ್ಲೇ ಕುಸಿದು ಎದೆ ಬಡಿದುಕೊಳ್ಳತೊಡಗಿದಳು.

"ಯವ್ವಾ ನನ್ನ ದೊಡ್ಡವ್ವಾ! ನಿನ್ನಿ ನನ್ನ ಕೂಡ ಎಲಿ ಅಡಕಿ ತಿಂದ್ಯಲ್ಲೇ! ನನ್ನ ಸುಣ್ಣದ ಡಬ್ಬಿ ನಿನ್ನ ಕಡೇನ ಉಳೀತಲ್ಲೇ!"

ಅತ್ತೆ ಸುಮಾರು ಹೊತ್ತು ಮಗನ ಮಾತು ಉಳಿಸಿಕೊಂಡಳು. ಆದರೆ ಡಬ್ಬಿಯ ಆಪಾದನೆಯನ್ನು ಯಾರು ತಡೆದುಕೊಳ್ಳುತ್ತಾರೆ?

"ನಿನ್ನ ಬಾಯಾಗ ಮಣ್ಣ ಹಾಕ! ನಿನ್ನ ಡಬ್ಬಿ ತಗೊಂಡು ನಾ ಏನ ಸ್ವರ್ಗಕ್ಕ ಹೊಂಟಿದ್ನೇನ?"

ನನ್ನ ಬೆರಳು ತಾನಾಗಿಯೇ ಒತ್ತಿತು. ಅತ್ತೆ ಮತ್ತೆ ಕೂರಲಿಲ್ಲ. "ಒಮ್ಮಿ ಸತ್ತೀನಿ, ಸಾಕು" ಎಂದು ಎದ್ದು ಒಳಗೆ ಹೋದಳು.

ಕುಷ್ಟಗಿಯಲ್ಲಿ ರೀಲು ತೊಳೆಸಿದಾಗ ಬಂದದ್ದು ಇಷ್ಟು. ಬಾಯಿ ತೆರೆದು ಬೈಯುತ್ತಿರುವ ಅತ್ತೆ, ಹೊಸ್ತಿಲಲ್ಲಿ ಪಕ್ಕದ ಮನೆಯಾಕೆ, ಬಡಿದುಕೊಳ್ಳುವ ಅವಳ ಕೈ ಮಾತ್ರ ಮಸುಕು. ನಡುವೆ ನಮ್ಮ ಮನೆಯವರು, ಕುರ್ಚಿಯ ತೋಳು ಹಿಡಿದು, ಕಣ್ಣೀರು ಬರುವಂತೆ ನಗುತ್ತಿದ್ದಾರೆ. ಒಂದು ಚುಕ್ಕಿಯೂ ಇಲ್ಲ.

ಎಂಬತ್ತರ ದಶಕದಲ್ಲಿ ಅತ್ತೆ ನಿಜವಾಗಿ ತೀರಿಕೊಂಡಾಗ ಅವರು ಫೋಟೋದವನನ್ನು ಕರೆಸಲಿಲ್ಲ. ಹಿರಿಯರು ಮುನಿಸಿಕೊಂಡರು. ಆ ರಾತ್ರಿ ನಮ್ಮ ಮನೆಯವರು ನನಗೆ ಹೇಳಿದರು, "ನನ್ನೂ ಕೂರಿಸಿ ತೆಗಸಬ್ಯಾಡ. ನಾ ನಗೂದು ಒಂದ ಐತಲ್ಲ, ಅದನ್ನ ಹಾಕು." ಹೂಂ ಅಂದಿದ್ದೆ.

ಅವರು ಹೋದ ದಿನ ಮೈದುನ ಮೊಬೈಲು ತೆಗೆದ. ಬೇಡ ಎಂದೆ. ಹಾಗಾದರೆ ಗೋಡೆಗೆ ಯಾವುದು? ಮೂವತ್ತು ವರ್ಷ ಕ್ಯಾಮೆರಾದ ಹಿಂದೆಯೇ ನಿಂತ ಮನುಷ್ಯನ ಬೇರೆ ಫೋಟೋ ಎಂದರೆ ಗುರುತಿನ ಚೀಟಿಯದು, ಠಾಣೆಯಲ್ಲಿ ತೆಗೆದಂತಿದೆ. ನಾನು ಪೆಟ್ಟಿಗೆಯಿಂದ ನಗುವುದನ್ನು ತಂದೆ. ಮೈದುನ ಒಪ್ಪಲಿಲ್ಲ. "ಇದರಾಗ ಬದುಕಿದ್ದಾಕಿ ಒಬ್ಬಾಕಿ ಅದಾಳ ವೈನಿ. ಬದುಕಿದ್ದವರಿಗೆ ಹಾರ ಹಾಕ್ತಾರೇನು?" ಮಗ ಅಪ್ಪನ ಮುಖವೊಂದನ್ನೇ ಕತ್ತರಿಸಿ ದೊಡ್ಡದು ಮಾಡಿಸುತ್ತೇನೆಂದ. ಬೈಯುವ ತಾಯಿ, ಅಳುವ ನೆರೆಯವಳು ಇಲ್ಲದೆ ಆ ಮನುಷ್ಯ ಯಾಕೆ ನಗುತ್ತಾನೆ? ಹುಚ್ಚನಂತೆ ಕಾಣುತ್ತಾನೆ. ಕತ್ತರಿ ಹಾಕಲು ನಾನು ಬಿಡಲಿಲ್ಲ. ಎಂಟು ತಿಂಗಳು ಗೋಡೆ ಬರಿದೇ ಇತ್ತು.

ಮೊನ್ನೆ ಪಕ್ಕದ ಮನೆಯಾಕೆಯೇ ಕೋಲೂರಿಕೊಂಡು ಬಂದಳು. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಹಾರ ಬ್ಯಾಡ ಬಿಡವಾ, ಹಂಗ ಹಾಕು. ಅವತ್ತ ಪುಕ್ಕಟ ಅತ್ತೀನಿ, ಅದನ್ನ ಮಾಸ್ತರನ ಹೆಸರಿಗೆ ಹಚ್ಚಿಬಿಡು." ಆಮೇಲೆ ಬಾಗಿಲಲ್ಲಿ ತಿರುಗಿ, "ಆ ಡಬ್ಬಿ ಇನ್ನೂ ಬಂದಿಲ್ಲ ನೋಡು" ಎಂದಳು.

ಹಾರವಿಲ್ಲದೆ ಹಾಕಿದೆ. ಮೈದುನ ಇನ್ನೂ ಮಾತಾಡಿಲ್ಲ.

ಅದೇ ಮಧ್ಯಾಹ್ನ ನಾಯಿಯನ್ನು ಹೊರತೆಗೆದೆ. ಗುಂಡಿ ಒತ್ತಿದರೆ ಜಿಗಿಯಲಿಲ್ಲ, ಕೈಯಿಂದ ಎಳೆಯಬೇಕಾಯಿತು. ಅಂಗಳಕ್ಕೆ ಹೋಗಿ, ಸೆರಗು ಹೊದ್ದು, ಬಿಸಿಲಿಗೆ ಹಿಡಿದು ನೋಡಿದೆ. ಈಗಲೂ ಒಂದು ಚುಕ್ಕಿಯಿಲ್ಲ. ಒಬ್ಬಳೇ ಹೊದ್ದಾಗ ಸೆರಗು ಬಹಳ ಉಳಿಯಿತು.