ಹೆಪ್ಪಿನ ಬಟ್ಟಲೂ ಬಣ್ಣ ಮಾಸಿದ ಫೈಲೂ

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಭರಣಿಯ ಮಗ್ಗುಲಿಗೆ, ಅಂಚು ಮುಕ್ಕಾದ ಒಂದು ಪಿಂಗಾಣಿ ಬಟ್ಟಲಿದೆ. ಅದರ ತಳದಲ್ಲಿ ಯಾವಾಗ ನೋಡಿದರೂ ಚಮಚದಷ್ಟು ಮೊಸರು. ಹೊಸಬರು ಯಾರಾದರೂ ಕಂಡರೆ, ಪಾಪ, ಈ ಮನೆಯವರು ತೊಳೆಯುವುದನ್ನು ಮರೆತಿದ್ದಾರೆ ಎಂದುಕೊಳ್ಳಬೇಕು, ಹಾಗಿರುತ್ತದೆ ಅದರ ಅವತಾರ. ಅದು ಹೆಪ್ಪಿನ ಬಟ್ಟಲು. ತಿನ್ನುವುದಕ್ಕಲ್ಲ, ಬಡಿಸುವುದಕ್ಕಲ್ಲ, ನಾಳೆಯ ಮೊಸರಿಗಾಗಿ ಇಂದು ಸುಮ್ಮನೆ ಕೂತಿರುವುದಷ್ಟೇ ಅದರ ಉದ್ಯೋಗ. ಆದರೂ ಗೆಳೆಯರೇ, ಅದೊಂದು ಬರಿದಾದರೆ ಕೊಡಗಟ್ಟಲೆ ಹಾಲಿದ್ದರೂ ಬೆಳಗ್ಗೆ ಎದ್ದಾಗ ಹಾಲು ಹಾಲಾಗಿಯೇ ಇರುತ್ತದೆ. ಆಗ ಪಕ್ಕದ ಮನೆಯ ಬಾಗಿಲಿಗೆ ಹೋಗಬೇಕು. ಅದಕ್ಕೂ ಕಟ್ಟಳೆಗಳುಂಟು: ದೀಪ ಹಚ್ಚಿದ ಮೇಲೆ ಹೆಪ್ಪು ಕೇಳಬಾರದು, ಕೇಳಿದರೂ ಯಾರೂ ಕೊಡುವುದಿಲ್ಲ. ಹಾಗೆಯೇ ಯಾರ ಮನೆಯ ಹೆಪ್ಪು ನಮ್ಮ ಮನೆಗೆ ಬರಬಹುದು, ಯಾರದು ಬರಬಾರದು ಎಂಬ ಕಾನೂನೂ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಓಣಿಯ ಎಲ್ಲರಿಗೂ ಬಾಯಿಪಾಠವಾಗಿತ್ತು.

ಈ ಬಟ್ಟಲನ್ನು ನೋಡಿದಾಗಲೆಲ್ಲ ನನಗೆ ನಮ್ಮ ಹಳೆಯ ಕಂಪ್ಯೂಟರು ನೆನಪಾಗುತ್ತದೆ. ಎತ್ತಣ ಮಾಮರ ಎತ್ತಣ ಕೋಗಿಲೆ ಎನ್ನಬೇಡಿ, ಸಂಬಂಧ ಹೇಳುತ್ತೇನೆ.

ಜಹೀರಾಬಾದಿನಲ್ಲಿ ನಾನು ಕನ್ನಡ ಮಾಧ್ಯಮದ ಮಕ್ಕಳಿಗೆ ಪಾಠ ಹೇಳುವವನು. ಪ್ರಶ್ನೆಪತ್ರಿಕೆ ಬರೆಯಲೆಂದು ಕೊಂಡ ಕಂಪ್ಯೂಟರನ್ನು ನನಗಿಂತ ಹೆಚ್ಚು ಬಳಸಿದವಳು ನಮ್ಮವ್ವ. ಅವಳ ತವರು ಕಂಗ್ಟಿ. ಅವಳು ಹುಟ್ಟಿದಾಗ ಅದು ಬೀದರ ಜಿಲ್ಲೆಯಲ್ಲಿತ್ತು. ಅವಳು ಶಾಲೆಗೆ ಹೋಗುವ ವಯಸ್ಸಿಗೆ ಯಾರೋ ದೂರದಲ್ಲಿ ಕೂತು ನಕಾಶೆಯ ಮೇಲೆ ಗೆರೆ ಎಳೆದರು. ಬೀದರ ಆಚೆ ಉಳಿಯಿತು, ಕಂಗ್ಟಿ ಆಂಧ್ರದ ಪಾಲಾಗಿ ಈಚೆಗೆ ಬಂತು, ಹಲಗೆಯ ಮೇಲಿನ ಅಕ್ಷರ ತೆಲುಗಾಯಿತು. ಮನೆಯ ಮಾತೇ ಬೇರೆ, ಮಾಸ್ತರರ ಮಾತೇ ಬೇರೆಯಾದ ಮೇಲೆ ಅವ್ವ ಪಾಟಿಯನ್ನು ಕೆಳಗಿಟ್ಟವಳು ಮತ್ತೆ ಎತ್ತಲಿಲ್ಲ. ಕನ್ನಡ ಅವಳ ನಾಲಿಗೆಯ ಮೇಲೆ ಕುಣಿಯುತ್ತಿತ್ತು, ಕೈಗೆ ಮಾತ್ರ ಇಳಿದಿರಲಿಲ್ಲ. ಅರವತ್ತು ದಾಟಿದ ಮೇಲೆ, ಕೀಲಿಮಣೆಯ ಮೇಲೆ ನಾನು ಅಂಟಿಸಿದ ಕನ್ನಡದ ಚೀಟಿಗಳನ್ನು ಒಂದೊಂದಾಗಿ ಒತ್ತುತ್ತ, ಒತ್ತಿದ್ದು ಪರದೆಯ ಮೇಲೆ ಮೂಡಿದ್ದನ್ನು ಕಂಡು ತಾನೇ ಬೆರಗಾಗುತ್ತ, ಅವಳು ಅಕ್ಷರ ಕಲಿತಳು. ಪೆನ್ನು ಹಿಡಿದರೆ ಕೈ ನಡುಗುತ್ತದೆಂದು ಪೆನ್ನಿನ ತಂಟೆಗೇ ಹೋಗಲಿಲ್ಲ. ದಿನಕ್ಕೊಂದು ವಾಕ್ಯ, ಅದೂ ಅಡುಗೆಯದು. ‘ಇವತ್ತ ಪುಂಡಿಪಲ್ಯ, ಹುಳಿ ಹೆಚ್ಚಾತು.’ ‘ಇವತ್ತ ಕಡಬು, ತಮ್ಮ ನಾಕ ತಿಂದ.’ ತಮ್ಮನೆಂದರೆ ನಾನೇ. ನನ್ನ ಹೊಟ್ಟೆಬಾಕತನಕ್ಕೆ ಹೀಗೆ ಲಿಖಿತ ಸಾಕ್ಷಿ ಹುಟ್ಟುತ್ತಿದೆಯಲ್ಲ ಎಂದು ನಾನು ರೇಗಿಸಿದರೆ ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

ತೆಲಂಗಾಣ ಬೇಕೆಂಬ ಕೂಗು ಮುಗಿಲು ಮುಟ್ಟಿದ್ದ ಕಾಲ ಅದು. ಶಾಲೆಗಳಿಗೆ ಬೀಗ, ಬಸ್ಸುಗಳು ಡಿಪೋದಲ್ಲಿ, ಕರೆಂಟು ಬಂದರೆ ಬಂತು ಇಲ್ಲವಾದರೆ ಇಲ್ಲ. ಗಾಡಿಗಳ ನಂಬರಿನಲ್ಲಿ ಹಳೆಯ ರಾಜ್ಯದ ಅಕ್ಷರ ಅಳಿಸಿ, ಇನ್ನೂ ಹುಟ್ಟದ ರಾಜ್ಯದ ಅಕ್ಷರ ಬರೆಯುತ್ತಿದ್ದರು. ನನ್ನ ಸ್ಕೂಟರಿಗೂ ಆ ನಾಮಕರಣವಾಗಿತ್ತು. ಸಮ್ಮೆ, ಅಂದರೆ ಮುಷ್ಕರ, ಏನೇ ಇರಲಿ, ಮಾನೌಮಿ ಹಬ್ಬ ಬಂದೇ ಬಂತು. ನಮ್ಮ ಕಡೆ ಮಾನೌಮಿಗೆ ಮೊದಲು ಮನೆಯೊಳಗಿನದೆಲ್ಲ ಹೊರಗೆ ಬರುತ್ತದೆ. ಕೌದಿಗಳು ಒಗೆತಕ್ಕೆ, ಪಾತ್ರೆಗಳು ಹುಣಸೆಹಣ್ಣಿಗೆ, ಬಣ್ಣ ಹೋದದ್ದು ಕಸಕ್ಕೆ. ಮನೆಯೆಲ್ಲ ಮುಗಿಸಿದ ಅವ್ವನ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಹೊರಗಿನ ಧೂಳು ಒರೆಸಿದಳು. ಒಳಗಿನದು?

ಒಳಗೆ, ಅವಳ ವಾಕ್ಯಗಳ ಫೋಲ್ಡರಿನ ಆಚೀಚೆ, ಮಸುಕು ಬಣ್ಣದ ಕೆಲವು ಚಿತ್ರಗಳು ಕೂತಿದ್ದವು. ಯಂತ್ರವು ಮರೆಯಲ್ಲಿಡುವ ಫೈಲುಗಳನ್ನೂ ತೋರಿಸುವಂತೆ ನಾನು ಯಾವುದೋ ಕಾರಣಕ್ಕೆ ಮಾಡಿಟ್ಟಿದ್ದೆ. ಅಂಥವು ತೆಳ್ಳಗೆ, ಒಗೆದೊಗೆದು ಮಾಸಿದ ಬಟ್ಟೆಯಂತೆ ಕಾಣುತ್ತವೆ. ಅವ್ವ ಒಂದನ್ನು ಹಿಡಿದು ಅಳಿಸಿದಳು. ಯಂತ್ರ ಇಂಗ್ಲಿಷಿನಲ್ಲಿ ಏನೋ ಗೋಗರೆಯಿತು. ಇವಳು ಹೂಂ ಎಂದು ಒತ್ತಿದಳು. ಆಮೇಲೆ ಪರದೆಯ ಮೇಲಿನ ಕಸದ ಬುಟ್ಟಿಯನ್ನೂ ಬರಿದು ಮಾಡಿದಳು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಗಿ ಉಳಿದವು ಬದುಕಿಕೊಂಡವು. ಕರೆಂಟು ಬಂದಾಗ ಕಪ್ಪು ಪರದೆಯ ಮೇಲೆ ಒಂದೇ ಒಂದು ಬಿಳಿಯ ಸಾಲು: ಇಂಥ ಫೈಲು ಇಲ್ಲ. ಯಂತ್ರವನ್ನು ಎಬ್ಬಿಸುವ ಫೈಲೇ ಹೋಗಿತ್ತು.

“ಬಣ್ಣ ಹೋಗಿತ್ತಪ್ಪಾ. ಯಾರೂ ಮುಟ್ಟಾಂಗಿಲ್ಲ, ತಗ್ಯಾಂಗಿಲ್ಲ, ಎದಕ್ಕ ಇಟ್ಕೋಬೇಕು ಅಂತ ತಗದ್ ಹಾಕ್ದೆ” ಎಂದಳು ಅವ್ವ. “ಕಸ ತುಂಬಿದ ಬುಟ್ಟಿ ಹಬ್ಬಕ್ಕ ಮನ್ಯಾಗ ಇರಬಾರ್ದಂತ ಅದನೂ ಚೆಲ್ಲಿನಿ.”

ರಿಪೇರಿ ಅಂಗಡಿಗೆ ಬೀಗ. ಅಂಗಡಿಯವನು ಫೋನಿನಲ್ಲಿ, “ಫಾರ್ಮ್ಯಾಟ್ ಮಾಡಾಕ ಬೇಕ್ರಿ ಸರ್, ಒಳಗಿಂದೆಲ್ಲಾ ಹೋಗ್ತದ” ಎಂದ. ಪಕ್ಕದಲ್ಲೇ ನಿಂತಿದ್ದ ಅವ್ವನಿಗೆ ಅದು ಕೇಳಿಸಿತು.

“ಹೋಗವಲ್ದ್ಯಾಕ ಬಿಡು. ನಾಕ ಅಡಗಿ ಮಾತು, ಅವೇನು ಪುರಾಣೇನು? ನಾ ಇನ್ನ ಅದಕ ಕೈ ಹಚ್ಚಾಂಗಿಲ್ಲ” ಎಂದು ಯಂತ್ರದ ಮೇಲೆ ಕೌದಿ ಹೊದಿಸಿ ಅಡುಗೆಮನೆಗೆ ಹೋದಳು. ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕತೊಡಗಿದಳು. ಆ ತಿಕ್ಕಾಟದಲ್ಲಿ ಹೆಪ್ಪಿನ ಬಟ್ಟಲೂ ತೊಳೆದುಹೋಯಿತು. ಮರುದಿನ ಊಟಕ್ಕೆ ಮೊಸರಿಲ್ಲ. ಪಕ್ಕದ ಮನೆಗೆ ಹೋಗಿ ಕೇಳುವ ಮನಸ್ಸೂ ಅವಳಿಗಿರಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು. ಫೈಲು ಹೋದದ್ದಕ್ಕಲ್ಲ. ಒಮ್ಮೆ ಪಾಟಿ ಕೆಳಗಿಟ್ಟ ಕೈ ಇದು, ಈಗ ಇನ್ನೊಮ್ಮೆ ಇಟ್ಟರೆ ಮತ್ತೆ ಎತ್ತಲಿಕ್ಕಿಲ್ಲ ಎಂಬ ಭಯ.

ಆಗ ನೆನಪಾದವನು ಗೌತಮ. ಕೊಹೀರಿನವನು, ನಮ್ಮ ಶಾಲೆಯಲ್ಲೇ ವಿಜ್ಞಾನದ ಮೇಷ್ಟ್ರು, ನನ್ನ ಗೆಳೆಯ. ಫೋನಿನಲ್ಲಿ ಎಲ್ಲ ಕೇಳಿ ನಕ್ಕು, “ಒಂದು ಫೈಲಿಗಿ ಮನೀನೇ ಕೆಡವ್ತಾರೇನ್ರಿ? ಅದೇ ಫೈಲು ನನ್ನ ಕಂಪ್ಯೂಟರ್‌ನಾಗೂ ಅದ. ಡಬ್ಬಿ ತಗೊಂಡ್ ಬರ್ರಿ, ಹಾಕಿ ಕೊಡ್ತೀನಿ” ಎಂದ.

“ಅಂದ್ರ ಹೆಪ್ಪಿನಂಗೇನು?” ಎಂದಳು ಅವ್ವ, ನಾನು ವಿವರಿಸಿದಾಗ. ಮತ್ತೆ, “ಕೆಡಿಸಿದಾಕಿ ನಾನು. ತರಾಕ ನಾನೂ ಬರ್ತೀನಿ” ಎಂದಳು.

ಬೇಡವೆಂದರೆ ಕೇಳುವ ಪೈಕಿಯಲ್ಲ. ಕೌದಿಯಲ್ಲಿ ಸುತ್ತಿದ ಕಂಪ್ಯೂಟರಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. ಕೊಹೀರ ಕ್ರಾಸಿನಲ್ಲಿ ಹೆದ್ದಾರಿಗೆ ಅಡ್ಡಲಾಗಿ ಕಲ್ಲಿಟ್ಟು, ನಡುರಸ್ತೆಯಲ್ಲೇ ಒಲೆ ಹೂಡಿ ಚಳವಳಿಯವರು ಅಡುಗೆ ಮಾಡುತ್ತಿದ್ದರು. ಕೌದಿಯ ಗಂಟನ್ನು ಕಂಡ ಒಬ್ಬ ಗಾಬರಿಯಿಂದ ಓಡಿಬಂದು ತೆಲುಗಿನಲ್ಲಿ, ಮಗುವಿಗೆ ಏನಾಯಿತಮ್ಮಾ ಎಂದು ಕೇಳಿದ. ಅವ್ವ ಸೆರಗು ಸರಿಮಾಡಿಕೊಂಡು ಅವನದೇ ತೆಲುಗಿನಲ್ಲಿ, ಮಗುವಲ್ಲ ಕಂಪ್ಯೂಟರು, ಮೇಲೆ ಏಳಲೊಲ್ಲದು, ಎಬ್ಬಿಸಿಕೊಂಡು ಬರಲು ಹೊರಟಿದ್ದೇವೆ ಎಂದಳು. ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಕಲ್ಲು ಸರಿಸುವ ಮೊದಲು ನಮ್ಮ ಕೈಗೆ ಎಲೆಯ ಮೇಲೆ ಪುಳಿಹೊರ ಇಟ್ಟರು, ‘ಜೈ ತೆಲಂಗಾಣ’ ಎನ್ನಿಸಿದರು. ಅವ್ವ ಬಾಯಿ ತುಂಬ ಅನ್ನವಿಟ್ಟುಕೊಂಡೇ ಅಂದಳು. ನಾವು ಕನ್ನಡದ ಮಂದಿ ಆ ಕೂಗಿನಲ್ಲಿ ಎಲ್ಲಿ ನಿಲ್ಲಬೇಕೆಂದು ನಾನು ಹಲವು ದಿನ ತಲೆ ಕೆಡಿಸಿಕೊಂಡಿದ್ದೆ. ಗೆರೆ ಎಳೆಯುವವರು ಯಾರೇ ಆಗಲಿ, ಮರೆಯಲ್ಲಿ ಮಸುಕಾಗಿ ಕೂತ ನಮ್ಮಂಥವರು ಅವರ ಕಣ್ಣಿಗೆ ಬೇಡದ ಫೈಲಿನಂತೆ ಕಾಣದಿದ್ದರೆ ಸಾಕು ಎನ್ನಿಸುತ್ತಿತ್ತು. ಅವ್ವನಿಗೆ ಆ ತರ್ಕವೇನೂ ಬೇಕಿರಲಿಲ್ಲ. ಪುಳಿಹೊರಕ್ಕೆ ಉಪ್ಪು ಕಡಿಮೆಯಾಗಿದೆ ಎಂದು ಅಡುಗೆಯವನಿಗೆ ಹೇಳಿಯೇ ಸ್ಕೂಟರು ಹತ್ತಿದಳು.

ಗೌತಮನ ಮನೆ ಹತ್ತಿರವಾದಂತೆ ನನ್ನೊಳಗೆ ಬೇರೊಂದು ಅಳುಕು ಎದ್ದಿತು. ಗೌತಮನ ಮನೆಯವರು ಬೌದ್ಧರು. ಅವರ ಹಿರಿಯರ ಕೇರಿ ಯಾವುದೆಂದು ಅವ್ವನಿಗೆ ಗೊತ್ತಿತ್ತು. ಅವನು ನಮ್ಮ ಮನೆಗೆ ಬಂದಾಗ ಚಹಾ ಕೊಡುತ್ತಿದ್ದಳು, ಪ್ರೀತಿಯಿಂದಲೇ ಮಾತಾಡಿಸುತ್ತಿದ್ದಳು. ಆದರೆ ಅವಳ ಕೈ ನಮ್ಮ ಸ್ಟೀಲಿನ ಲೋಟ ಬಿಟ್ಟು ಗಾಜಿನ ಕಪ್ಪಿನ ಕಡೆಗೆ ಹೋಗುತ್ತಿದ್ದುದನ್ನು ನಾನೂ ಕಂಡಿದ್ದೆ, ಅವನೂ ಕಂಡಿದ್ದ. ಇಬ್ಬರೂ ಆ ಮಾತೆತ್ತಿರಲಿಲ್ಲ.

ಅಂದು ಕೊಹೀರಿನಲ್ಲಿ ಕರೆಂಟು ಇತ್ತು, ನಮ್ಮ ಪುಣ್ಯ. ಗೌತಮ ನಮ್ಮ ಡಬ್ಬಿ ಬಿಚ್ಚಿ ಡಿಸ್ಕನ್ನು ಹೊರತೆಗೆದು ತನ್ನ ಕಂಪ್ಯೂಟರಿನ ಡಿಸ್ಕಿನ ಪಕ್ಕಕ್ಕೆ ಜೋಡಿಸಿದ. ಅವನ ಪರದೆಯ ಮೇಲೆ ಅದೇ ಮಸುಕು ಚಿತ್ರ ಕಾಣಿಸಿತು. ಅಲ್ಲಿಂದ ಇಲ್ಲಿಗೆ ಅದನ್ನು ನಕಲು ಮಾಡಿದ. ಕಣ್ಣು ಪಿಳುಕಿಸುವಷ್ಟರಲ್ಲಿ ಕೆಲಸ ಮುಗಿದಿತ್ತು. ಡಿಸ್ಕನ್ನು ನಮ್ಮ ಡಬ್ಬಿಗೆ ಮರಳಿಸಿ, ತನ್ನ ಪರದೆಯನ್ನು ಅದಕ್ಕೆ ಜೋಡಿಸಿ ಗುಂಡಿ ಒತ್ತಿದ. ಪರದೆ ಬೆಳಗಿತು. ಅವ್ವನ ಫೋಲ್ಡರು ತೆರೆಯಿತು. ಪುಂಡಿಪಲ್ಯ, ಕಡಬು, ನಾನು ತಿಂದ ನಾಲ್ಕು, ಎಲ್ಲ ಇದ್ದಲ್ಲೇ ಇದ್ದವು. ಅವ್ವ ಕೈ ಚಾಚಿದಳು, ಆದರೆ ಮುಟ್ಟಲಿಲ್ಲ.

“ಮುಟ್ರಿ ಅವ್ವಾರ, ಏನೂ ಆಗಂಗಿಲ್ಲ” ಎಂದ ಗೌತಮ.

“ಮನೀಗಿ ಹೋಗಿ ಮುಟ್ತೀನಪ್ಪಾ” ಎಂದಳು.

ಗೌತಮನ ತಾಯಿ ಬಾಗಿಲಿಗೆ ಆತು ನಿಂತಿದ್ದರು. ಏನಾದರೂ ಕುಡಿಯಲು ಕೊಡಲೋ ಬೇಡವೋ ಎಂಬ ಪ್ರಶ್ನೆ ಅವರ ಮುಖದಲ್ಲೇ ಕಾಣುತ್ತಿತ್ತು. ಅವ್ವ ತಾನಾಗಿ ಎದ್ದು ಅವರ ಬಳಿಗೆ ಹೋದಳು.

“ತಂಗಿ, ನಿಮ್ಮನ್ಯಾಗ ಮೊಸರು ಅದನಾ? ಒಂದ್ ಚಮಚ ಹೆಪ್ಪಿಗಿ ಕೊಡು. ನಮ್ಮದು ತೊಳದ್ ಹಾಕಿನಿ.”

ಆ ತಾಯಿ ಬಾಗಿಲು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. “ನಮ್ಮನಿದು ನಿಮಗ ನಡಿತದೇನ್ರಿ, ಯಕ್ಕಾರ?”

“ಅದು ಹಾಲು ನೋಡ್ಕೋತದ. ಲಗೂನ ಕೊಡು, ದೀಪ ಹಚ್ಚೂ ಹೊತ್ತಾಗ್ತದ.”

ನಾನು ಗೌತಮನ ಮುಖ ನೋಡಲಿಲ್ಲ. ಅವನು ಆಗಲೇ ಬಿಗಿದಿದ್ದ ಸ್ಕ್ರೂವನ್ನು ಇನ್ನೊಮ್ಮೆ ಬಿಗಿಯುತ್ತಿದ್ದ. ಮರಳುವಾಗ ಅವ್ವನ ಮಡಿಲಲ್ಲಿ ಡಬ್ಬಿ, ಡಬ್ಬಿಯ ಮೇಲೆ ಎರಡೂ ಕೈಯಿಂದ ಹಿಡಿದ, ಆ ತಾಯಿ ಕೊಟ್ಟ ಹೆಪ್ಪಿನ ಪುಟ್ಟ ಬಟ್ಟಲು. ನಾನು ಗುಂಡಿ ತಪ್ಪಿಸಿ, ಮೆರವಣಿಗೆಯ ಗತಿಯಲ್ಲಿ ಸ್ಕೂಟರು ನಡೆಸಿದೆ.

ರಾಜ್ಯ ಆಮೇಲೆ ಬಂತು. ಸ್ಕೂಟರಿನ ಮೇಲೆ ಬರೆದ ಅಕ್ಷರ ಅದಾಗಿ ಹತ್ತು ವರ್ಷಕ್ಕೆ ಕಾಯಿದೆಯ ಅಕ್ಷರವಾಯಿತು. ಆ ಕಂಪ್ಯೂಟರೂ ಮುದಿಯಾಗಿ ಹೋಯಿತು, ಅದರೊಳಗಿನ ಅವ್ವನ ಮಾತುಗಳು ಮಾತ್ರ ಯಂತ್ರದಿಂದ ಯಂತ್ರಕ್ಕೆ ನಮ್ಮೊಡನೆ ಬರುತ್ತಿವೆ. ಗೂಡಿನಲ್ಲಿ ಆ ಪಿಂಗಾಣಿ ಬಟ್ಟಲು ಇಂದಿಗೂ ಇದೆ. ನಮ್ಮ ಮನೆಯಲ್ಲಿ ನೀವು ಉಣ್ಣುವ ಮೊಸರು ಇವತ್ತಿಗೂ ಆ ಚಮಚದ ಸಂತಾನವೇ. ಗೌತಮನ ಚಹಾ ಈಗ ಸ್ಟೀಲಿನ ಲೋಟದಲ್ಲಿ ಬರುತ್ತದೆ, ಕೈ ಸುಡುತ್ತದೆಂದು ಅವನು ಗೊಣಗುತ್ತಾನೆ.

ಕೊಹೀರಿನಿಂದ ಬಂದ ಮರುದಿನ ಅವ್ವ ಬೆಳಗ್ಗೆಯೇ ಯಂತ್ರದ ಮುಂದೆ ಕೂತಿದ್ದಳು. ಹಿಂದಿನಿಂದ ಹೋಗಿ ಇಣುಕಿದೆ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು: ‘ಇವತ್ತ ಮೊಸರು ಗಟ್ಟಿ ಆಗ್ಯದ. ಗೌತಮನ ಮನಿ ಹೆಪ್ಪು.’