ಕೆಲಸಕ್ಕೆ ಬಾರದ ಮಾತು

ನನ್ನನ್ನು ಯಗಟಿಯಿಂದ ಶಿವನಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಾಗ ಅಪ್ಪನ ಕಿವಿ ಚೆನ್ನಾಗಿಯೇ ಇತ್ತು. ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳ, ಏನಿದ್ದರೂ ಸುತ್ತಲಿನವರು ಅವನ ಹತ್ತಿರ ಬರುತ್ತಿದ್ದರು. ಅಪ್ಪ ಜಗಲಿಯ ಮೇಲೆ ಕೂತು ಎರಡೂ ಕಡೆಯವರ ಮಾತನ್ನು ಕೊನೆಯವರೆಗೂ ಕೇಳುತ್ತಿದ್ದ. ಎಷ್ಟೋ ಸಲ ಅವನು ಹಾಗೆ ಕೇಳಿಸಿಕೊಂಡದ್ದರಲ್ಲೇ ಜಗಳ ಅರ್ಧ ಇಳಿದಿರುತ್ತಿತ್ತು. ನಾನು ತವರಿಗೆ ಬಂದರೆ ನನ್ನನ್ನೂ ಹಾಗೇ ಕೂರಿಸಿಕೊಂಡು, ರೈಲಿನಲ್ಲಿ ಪಕ್ಕ ಕೂತವಳು ಏನು ತಿಂದಳು ಅನ್ನುವವರೆಗೆ ವಿಚಾರಿಸುತ್ತಿದ್ದ.

ಅರವತ್ತು ದಾಟಿದ ಮೇಲೆ ಕಿವಿ ಮಂದವಾಗುತ್ತ ಬಂತು. ಅಪ್ಪ ಒಪ್ಪಲಿಲ್ಲ. ಎದುರಿನವರ ಮುಖ ನೋಡಿ ಮಾತನ್ನು ಊಹಿಸುತ್ತಿದ್ದ. ಒಂದು ಬೆಳಿಗ್ಗೆ ಎದುರುಮನೆಯವನು ಬಂದು, "ನಮ್ಮವ್ವ ಹೋಗ್ಬಿಟ್ಲು ಕಣಣ್ಣಾ" ಅಂದನಂತೆ. ಅವರ ಎಮ್ಮೆಗೆ ದಿನ ತುಂಬಿತ್ತು. ಎಮ್ಮೆ ಈಯಿತೆಂದೇ ತಿಳಿದ ಅಪ್ಪ ಮುಖ ಅರಳಿಸಿ, "ಒಳ್ಳೇದಾಯ್ತು ಬಿಡಪ್ಪಾ, ಗಿಣ್ಣು ಕಳಿಸು" ಅಂದುಬಿಟ್ಟ. ಅತ್ತಿಗೆ ಓಡಿಬಂದು ಕಿವಿಯಲ್ಲಿ ಕೂಗಿ ಹೇಳಿದಾಗ ಅವನ ಮುಖ ನೋಡಲಾಗಲಿಲ್ಲ ಎಂದು ಅವಳೇ ನನಗೆ ಹೇಳಿದಳು. ಎದುರುಮನೆಯವನು ತಪ್ಪು ತಿಳಿಯಲಿಲ್ಲ. ಆದರೆ ಅಪ್ಪ ಆಮೇಲೆ ಜಗಲಿಗೆ ಬರಲಿಲ್ಲ.

ಸುಗ್ಗಿಗೆ ಮುಂಚೆ ನಾನು ಕಡೂರಿನಲ್ಲಿ ರೈಲು ಇಳಿದು, ಗಾಡಿಯಲ್ಲಿ ಊರಿಗೆ ಹೋದೆ. ಅಪ್ಪ ಹಿತ್ತಲಲ್ಲಿ ಒಬ್ಬನೇ ಕೂತು ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದ. ಮನೆಯಲ್ಲಿ ಅವನಿಗೆ ಯಾವ ಕೊರತೆಯೂ ಇರಲಿಲ್ಲ. ಹೊತ್ತಿಗೆ ಸರಿಯಾಗಿ ಅತ್ತಿಗೆ "ಊಟಾ!" ಎಂದು ಕೂಗುತ್ತಿದ್ದಳು, ಅಣ್ಣ "ನೀರಾ?" ಎಂದು ಕೂಗುತ್ತಿದ್ದ. ನಾನೂ ಕೂಗಿಯೇ "ಚೆನ್ನಾಗಿದೀಯೇನಪ್ಪಾ?" ಅಂದೆ.

"ನೀನೂ ಕೂಗ್ತೀಯಾ? ಬೈದಂಗಾಯ್ತದೆ ಕಣವ್ವಾ" ಅಂದ. ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸುತ್ತ, "ಉಣ್ಣು, ಮಲಗು, ಏಳು. ಅಷ್ಟೇ ನಂಗೆ ಹೇಳೋದು. ಕೆಲಸಕ್ಕೆ ಬಾರದ ಮಾತು ಯಾರೂ ಆಡಲ್ಲ" ಅಂದ.

ಬಲಗಿವಿ ಎಡದಷ್ಟು ಹೋಗಿರಲಿಲ್ಲ; ಅವನ ಬಲಗಡೆಗೆ ಕೂತೆ. ಕೂಗದೆ, ಕಿವಿಯ ಹತ್ತಿರ ಬಾಯಿಟ್ಟು, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಕೇಳಿಸಿತು! ಶಿವನಿ ಸ್ಟೇಷನ್ನಿನಲ್ಲಿ ಒಬ್ಬಾಕೆಯ ಬುಟ್ಟಿಯಿಂದ ಕೋಳಿ ಹಾರಿ ರೈಲಿನೊಳಗೆ ನುಗ್ಗಿದ್ದು, ಅವಳು ಹಿಂದೆ ಓಡಿದ್ದು, ಗಾರ್ಡು ಹಸಿರು ಬಾವುಟ ಹಿಡಿದುಕೊಂಡು ಬೇಗ ಇಳಿಯಮ್ಮಾ ಎಂದು ಅವಳನ್ನು ಬೇಡಿಕೊಂಡಿದ್ದು, ಎಲ್ಲ ಹೇಳಿದೆ.

"ಯಾವ ಬಣ್ಣದ ಕೋಳಿ?" ಅಂದ ಅಪ್ಪ.

"ಕೆಂಪು."

"ಸಿಕ್ತಾ?"

"ಸಿಕ್ತು. ಯಾರದೋ ಹಾಸಿಗೆ ಸುರುಳಿ ಹಿಂದೆ ಕೂತಿತ್ತು."

ಅಪ್ಪ ನಕ್ಕು ನಕ್ಕು ಪಂಚೆಯ ತುದಿಯಿಂದ ಕಣ್ಣು ಒರೆಸಿಕೊಂಡ. ಅತ್ತಿಗೆ ಅಡಿಗೆಮನೆಯಿಂದ ಹೊರಗೆ ಬಂದು ನಿಂತು ನೋಡಿದಳು.

ಮೂರು ದಿನ ಹೀಗೇ ಕಳೆಯಿತು. ಹೊರಡುವಾಗ, "ನಾಳೆ ಹೋದ್ರಾಗಲ್ವೇನವ್ವಾ?" ಎಂದು ಕೇಳಿದ. "ಸುಗ್ಗಿ ಕಣಪ್ಪಾ, ಮನೇಲಿ ಕೈ ಸಾಲಲ್ಲ. ಯುಗಾದಿಗೆ ಬತ್ತೀನಿ" ಅಂದೆ.

ಯುಗಾದಿಗೆ ಬಂದಾಗ ಅತ್ತಿಗೆ ಮೊರ ತಂದು ಅವನ ಪಕ್ಕದಲ್ಲೇ ರಾಗಿ ಕೇರುತ್ತ ಏನೋ ಹೇಳುತ್ತಿದ್ದಳು. ನನಗೆ ಸಂತೋಷವಾಯಿತು. ಆದರೆ ಬಲಗಿವಿಯೂ ಹೋಗಿತ್ತು. ನಾನು ನಾಲ್ಕು ಮಾತು ಹೇಳಿ, ಅವನು ಬರೀ ನನ್ನ ತುಟಿ ನೋಡುತ್ತಿರುವುದು ತಿಳಿದು ಸುಮ್ಮನಾದೆ.

ಅಪ್ಪ ನನ್ನ ಕೈ ಹಿಡಿದ. "ಕೇಳಿಸ್ತಿಲ್ಲ ಕಣವ್ವಾ. ಆದ್ರೂ ನಿಲ್ಲಿಸ್ಬೇಡ, ಹೇಳು."

ಸಂಜೆ ದನ ಬರುವವರೆಗೂ ಹೇಳಿದೆ.

ಮಳೆಗಾಲ ಶುರುವಾಗುವ ಮೊದಲೇ ಅಪ್ಪ ತೀರಿಕೊಂಡ. ಸುಗ್ಗಿ ಆ ವರ್ಷವೂ ಮುಗಿಯಿತು, ಆಮೇಲೆಯೂ ಎಷ್ಟೋ ಸುಗ್ಗಿ ಮುಗಿದವು. ಹೊರಡುವಾಗ ಅವನು ಕೇಳಿಕೊಂಡ ಆ ಒಂದು ದಿನ ನಾನು ಉಳಿಯಬಹುದಿತ್ತು. ಈಗಲೂ ತರೀಕೆರೆ ಸಂತೆಯಲ್ಲಿ ಇಬ್ಬರು ಬದನೆಕಾಯಿಗೆ ಜಗಳವಾಡಿದರೆ ನಾನು ಕೊನೆಯವರೆಗೂ ನಿಂತು ಕೇಳುತ್ತೇನೆ, ಯಾರು ಏನಂದರು ಎನ್ನುವುದನ್ನು ಒಂದೂ ಬಿಡದೆ ನೆನಪಿಟ್ಟುಕೊಳ್ಳುತ್ತೇನೆ.