ಸಾವಿನ ಮನೆಯಲ್ಲಿ ಕುಣಿದ ಕುದುರೆ

ನಮ್ಮ ಯಜಮಾನರು ಬೋರಣ್ಣ ಕುದುರೆ ವ್ಯಾಪಾರ ಮಾಡುತ್ತಿದ್ದರು. ಜಗಳೂರು ಸುತ್ತ ಕುದುರೆ ಬೋರಣ್ಣ ಎಂದರೇ ಗೊತ್ತು. ಆದರೆ ಅವರು ಕುದುರೆ ಹತ್ತಿದ್ದನ್ನು ನಾನು ನೋಡಿಲ್ಲ. ಜೀನಿಲ್ಲ, ಲಗಾಮಿಲ್ಲ. ಮೂತಿಗೆ ಸುತ್ತಿದ ಹಗ್ಗ ಹಿಡಿದು ಇವರು ಮುಂದೆ, ಕುದುರೆ ಹಿಂದೆ. ಹೊನ್ನಾಳಿಗೂ ಹಾಗೇ ನಡೆದು ಹೋಗಿದ್ದಾರೆ.

ಮೊದಲು ಕುರಿಗಾರರಿಗೆ ಸಾಮಾನು ಹೊರುವ ತಟ್ಟುಕುದುರೆ ಮಾರಿದರು. ಆಮೇಲೆ ಕಾಠಿಯಾವಾಡಿ, ಮಾರ್ವಾಡಿ ತಳಿ ತಂದರು. ಚನ್ನಗಿರಿ, ನ್ಯಾಮತಿ ಕಡೆ ಮದುವೆ ಮೆರವಣಿಗೆಗೆ ಕುಣಿಯುವ ಕುದುರೆ ಕೇಳುವವರು ಹೆಚ್ಚಾಗಿದ್ದರು. ಬೆರಕೆಯನ್ನು ಅಸಲಿ ಎಂದು ಮಾರುವವರಿದ್ದರು. ಇವರು "ಇದು ಬೆರಕೆ ಕಣ್ರೀ" ಎಂದು ಮೊದಲೇ ಹೇಳಿಬಿಡುವರು.

"ಬಾಯಿ ಮುಚ್ಕೊಂಡಿದ್ರೆ ನಿಮಗೇನು ಹೊಟ್ಟೆನೋವು ಬರ್ತೈತಾ?" ಎಂದು ಬೈಯುತ್ತಿದ್ದೆ.

"ಬರ್ತೈತೆ ಕಣೇ" ಎನ್ನುವರು.

ಅವರು ಕೊನೆಗೆ ತಂದ ಮಾರ್ವಾಡಿ ಹೆಣ್ಣು ಕುದುರೆ ಕೆಂದಿ. ಹಲಗೆ ಬಾರಿಸಿದ ಸದ್ದಿಗೆ ಕಾಲೆತ್ತಿ ಕುಣಿಯುವುದನ್ನು ಹಿತ್ತಲಲ್ಲಿ ತಾವೇ ಕಲಿಸಿದರು. ಅದನ್ನು ಮಾರುವ ಮೊದಲೇ ಹೋದರು. ಎದೆನೋವು ಅಂದರು, ದಾವಣಗೆರೆ ಆಸ್ಪತ್ರೆ ಮುಟ್ಟಲಿಲ್ಲ.

ಅವರನ್ನು ಅಂಗಳದಲ್ಲಿ ಕೂರಿಸಿ ಹೂವು ಹಾಕಿದ್ದೆವು. ಹಲಗೆಯವರು ಬಂದು ಬಾರಿಸಿದರು. ಹಿತ್ತಲಲ್ಲಿ ಕಟ್ಟಿದ್ದ ಕೆಂದಿ ಕುಣಿಯತೊಡಗಿತು. ಇದು ಮದುವೆಯ ಹಲಗೆ, ಇದು ಸಾವಿನ ಹಲಗೆ ಎಂದು ಅದಕ್ಕೆ ಯಾರು ಹೇಳಿದ್ದರು? ಅಳುತ್ತಿದ್ದವರು ಹಿತ್ತಲ ಕಡೆ ತಿರುಗಿದರು. "ಯವ್ವಾ, ಧಣಿ ಸತ್ರೆ ಕುಣೀತೈತಲ್ಲೇ!" ಎಂದಳು ಒಬ್ಬಳು. ಆ ಮಾತು ಹೊನ್ನಾಳಿವರೆಗೂ ಹೋಯಿತು. ಕೊಳ್ಳಲು ಬರುತ್ತೇನೆ ಎಂದಿದ್ದವರು ಫೋನ್ ಎತ್ತಲಿಲ್ಲ.

ಅಂದಿನಿಂದ ಕೆಂದಿ ನಿಂತಲ್ಲಿ ನಿಲ್ಲುವುದಿಲ್ಲ. ನೆಲ ಕೆರೆಯುತ್ತದೆ, ಗೂಟ ಸುತ್ತುತ್ತದೆ. ನಾನೂ ಹಾಗೇ. ಒಲೆ ಮುಂದೆ ಕೂತರೆ ಹಿತ್ತಲಿಗೆ ಹೋಗಬೇಕು, ಹಿತ್ತಲಿಗೆ ಹೋದರೆ ಒಳಗೆ ಬರಬೇಕು.

ಮೈದುನ ದುರುಗೇಶ ಇಟ್ಟಿಗೆ ಭಟ್ಟಿಯವನ ಹತ್ತಿರ ಮಾತಾಡಿ ಬಂದ.

"ಗಾಡಿಗೆ ಹೂಡಾಕೆ ತಗಂತಾನಂತೆ ಅತ್ಗೆ. ಇನ್ಯಾರೂ ಮುಟ್ಟಲ್ಲ ಇದನ್ನ."

ಇಟ್ಟಿಗೆ ಗಾಡಿಗೆ ಬಿದ್ದ ಕುದುರೆಯ ಬೆನ್ನು ನಾನು ನೋಡಿದ್ದೇನೆ. ಹುಣ್ಣಿನ ಮೇಲೆ ಹುಣ್ಣು.

"ನಲ್ಲೂರಿನೋರು ಒಬ್ರು ನೋಡಾಕೆ ಬರ್ತಾರೆ. ಅವ್ರೂ ಬ್ಯಾಡ ಅಂದ್ರೆ ಒಯ್ಯಿ" ಎಂದೆ.

ನಲ್ಲೂರಿನ ಷಣ್ಮುಖಪ್ಪ ಮೆರವಣಿಗೆಗೆ ಕುದುರೆ ಬಾಡಿಗೆ ಕೊಡುವವರು. ಟೆಂಪೊ ತಂದಿದ್ದರು. ಹಲ್ಲು ನೋಡಿದರು, ಗೊರಸು ಎತ್ತಿ ನೋಡಿದರು. ಸಾವಿನ ದಿನದ ಸಂಗತಿ ನಾನೇ ಹೇಳಿದೆ.

"ಗೊತ್ತೈತಮ್ಮ. ಸವಳಂಗದ ಚಾ ಅಂಗಡೀಲಿ ಹೇಳಿದ್ರು. ಅವ್ರ ಲೆಕ್ಕದಾಗೆ ನಿಮ್ಮ ಕುದುರೆ ಹೆಣದ ಸುತ್ತ ಮೂರು ಸುತ್ತು ಕುಣಿದೈತೆ."

"ಕಟ್ಟಿ ಹಾಕಿತ್ತು ರೀ. ಹೆಂಗೆ ಸುತ್ತುತ್ತೆ?"

ಅವರು ನಕ್ಕು, ನನ್ನ ಬರಿ ಹಣೆ ನೋಡಿ ನಗು ನುಂಗಿಕೊಂಡರು. "ಊರೋರ ಮಾತು ಹಾಳಾಗಿ ಹೋಗ್ಲಿ. ಕುಣಿಯಾಕೆ ಬರ್ತೈತಾ, ತೋರ್ಸ್ರಿ. ಹಲಗೆಯೋರ್ನ ಕರೆಸ್ರಿ."

"ವರ್ಷ ತುಂಬಿಲ್ಲ. ಈ ಮನೆಯಾಗೆ ಹಲಗೆನಾ?" ದುರುಗೇಶ ಸಿಟ್ಟಾದ.

"ನೋಡ್ದೆ ಹೆಂಗಪ್ಪಾ ಒಯ್ಯಲಿ?" ಷಣ್ಮುಖಪ್ಪ ಟೆಂಪೊ ಕಡೆ ತಿರುಗಿದರು.

ಹುರುಳಿ ನೆನೆಸುವ ತಗಡಿನ ಡಬ್ಬ ಅಲ್ಲೇ ಇತ್ತು. ಬೋರಲು ಹಾಕಿದೆ. ನನಗೆ ತಾಳ ಬರುವುದಿಲ್ಲ. ರೊಟ್ಟಿ ಬಡಿದಂತೆ ಎರಡೂ ಕೈಯಲ್ಲಿ ಬಡಿದೆ. ಗೋಡೆಯಾಚೆ ಯಾರೋ ನನ್ನನ್ನೇ "ಭೀಮಕ್ಕಗೆ ತಲೆ ಕೆಡ್ತು" ಎಂದರು. ದುರುಗೇಶ ಮುಖ ತಿರುಗಿಸಿದ.

ಕೆಂದಿ ನೆಲ ಕೆರೆಯುವುದನ್ನು ಬಿಟ್ಟಿತು. ಕಿವಿ ನೆಟ್ಟಗಾಗಿ ತುದಿಗೆ ತುದಿ ತಾಗಿದವು. ಒಂದು ಕಾಲೆತ್ತಿತು, ಇನ್ನೊಂದು ಎತ್ತಿತು. ನಾನು ತಾಳ ತಪ್ಪಿದೆ, ಅದು ತಪ್ಪಲಿಲ್ಲ. ಕತ್ತು ಬಾಗಿಸಿ, ಬಾಲ ಎತ್ತಿ, ಅವರು ಕಲಿಸಿದ್ದಷ್ಟನ್ನೂ ಕುಣಿಯಿತು.

"ನಿಲ್ಲಿಸಬ್ಯಾಡ್ರಿ ತಾಯಿ" ಎಂದು ಷಣ್ಮುಖಪ್ಪ ಓಡಿ ಬಂದು ಹಗ್ಗ ಹಿಡಿದರು. "ಕುದುರೆ ನನಗೇ ಇರ್ಲಿ, ಹಿಂಗೇ ಟೆಂಪೊ ಹತ್ತಿಸಿಬಿಡಾನ."

ಡಬ್ಬ ಸೊಂಟಕ್ಕೆ ಇಟ್ಟುಕೊಂಡು ಬಡಿಯುತ್ತಾ ರಸ್ತೆಗೆ ಹೋದೆ. ಕೆಂದಿ ಕುಣಿಯುತ್ತಲೇ ಏರಲು ಇಟ್ಟ ಮರದ ಹಲಗೆ ಹತ್ತಿ ಟೆಂಪೊ ಸೇರಿತು. ಷಣ್ಮುಖಪ್ಪ ದುರುಗೇಶನ ಕೈಗೆ ದುಡ್ಡಿಟ್ಟು ಬಾಗಿಲು ಹಾಕಿದರು. ಟೆಂಪೊ ತಿರುವು ದಾಟಿತು.

"ಹೋತು, ಸಾಕು ಬಿಡ್ರಿ ಅತ್ಗೆ" ಎಂದ ದುರುಗೇಶ.

ಕೈ ನಿಲ್ಲಲಿಲ್ಲ. ಡಬ್ಬ ಅವನೇ ಕಿತ್ತುಕೊಂಡ.